ಗುಳ್ಳೆಯಿಲ್ಲದ ಗಾಜು

ಇಂಚರಾಳ ಮಾದರಿ ಬಸ್ಸಿನ ಮುಂಗಾಜಿನಲ್ಲಿ ಒಂದಾದರೂ ಗುಳ್ಳೆ ಸಿಕ್ಕೀತೆಂದು ವಿರುಪಾಕ್ಷ ಮೂರನೆಯ ಸಲ ಬಗ್ಗಿ ನೋಡಿದ. ಸಿಗಲಿಲ್ಲ. ಮೆಲ್ಬರ್ನ್‌ನ ಆ ಹಾಲ್‌ನಲ್ಲಿ ಮಾದರಿ ವಾಹನಗಳ ಪ್ರದರ್ಶನ ಆಗಷ್ಟೇ ಶುರುವಾಗಿತ್ತು. ಜನ ಆಗಲೇ ಅವಳ ಮೇಜನ್ನು ಮುತ್ತಿಕೊಂಡಿದ್ದರು. ಪಕ್ಕದ ಮೇಜಿನ ಮೇಲೆ ಅವನ ಬಸ್ಸೂ ಇತ್ತು. ಅದೇ ಹುಬ್ಬಳ್ಳಿ ಕಡೆಯ ಕೆಂಪು ಬಸ್ಸು, ಅದೇ ಮೊಳದುದ್ದ, ರೆಸಿನ್ ಎಂಬ ಅಂಟುದ್ರವವನ್ನು ಎರಕ ಹೊಯ್ದು ಮಾಡಿದ ಅದೇ ಗಾಜು. ಸುರಿಯುವಾಗ ಅವಸರ ಮಾಡಿದ್ದರಿಂದ ಅವನ ಗಾಜಿನ ಮೂಲೆಯಲ್ಲಿ ಮಾತ್ರ ಸಾಸಿವೆಯಷ್ಟು ಎರಡು ಗುಳ್ಳೆಗಳಿದ್ದವು.

ಸಿಡ್ನಿಯ ಗಿರಾವೀನ್‌ನಲ್ಲಿರುವ ಅವನ ಗ್ಯಾರೇಜಿನಲ್ಲಿ ಎರಡು ವರ್ಷ ಪ್ರತಿ ಶನಿವಾರ ಕೂತು ಕಲಿತವಳು ಇವಳು. ಬೆಂಗಳೂರಿನಿಂದ ಓದಲು ಬಂದು, ಕಾಯಂ ನೆಲೆಸಲು ಪಿಆರ್ ಸಿಕ್ಕ ಮೇಲೆ ಬ್ಲ್ಯಾಕ್‌ಟೌನ್‌ನಲ್ಲಿ ರೂಮು ಮಾಡಿಕೊಂಡಿದ್ದಳು. ಸಿಲಿಕೋನ್ ಅಚ್ಚು ಮಾಡುವುದು, ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ದ್ರವವನ್ನು ತೂಗಿ ಬೆರೆಸುವುದು, ಒಂದೇ ಮೂಲೆಯಿಂದ ನೂಲಿನಂತೆ ಸುರಿಯುವುದು, ಎಲ್ಲವನ್ನೂ ಅವನು ಕಲಿಸಿದ್ದ. ಒಂದನ್ನು ಬಿಟ್ಟು. ಬೆರೆಸುವ ಮೊದಲು ರೆಸಿನ್ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಅದು ತೆಳುವಾಗಿ, ಗುಳ್ಳೆಗಳು ತಾವಾಗಿಯೇ ಮೇಲೆ ಬಂದು ಒಡೆಯುತ್ತವೆ. ಆ ಕೆಲಸವನ್ನು ಅವಳು ಬರುವ ಮುಂಚೆಯೇ ಮನೆಯೊಳಗೆ ಬಟ್ಟೆ ಒಗೆಯುವ ಲಾಂಡ್ರಿ ಕೋಣೆಯಲ್ಲಿ ಮುಗಿಸಿರುತ್ತಿದ್ದ. ಸೊಸೆಗೆ ಅಡುಗೆ ಕಲಿಸುವ ಅತ್ತೆಯೂ ಒಂದು ಗುಟ್ಟು ಉಳಿಸಿಕೊಳ್ಳುವುದಿಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಈಗ ಹೊಟ್ಟೆ ಉರಿಯುತ್ತಿತ್ತು. ಹೆಂಡತಿ ಸಂಧ್ಯಾರಾಣಿ ಕೂಡ ಮೊದಲು ಇಂಚರಾಳ ಬಸ್ಸಿನ ಫೋಟೊವನ್ನೇ ತೆಗೆದಿದ್ದಳು. ಮೂವತ್ತು ವರ್ಷ ಸಂಸಾರ ಮಾಡಿದವಳು!

ಪ್ರದರ್ಶನ ಏರ್ಪಡಿಸಿದ್ದ ಚಕ್ರಪಾಣಿಯವರು ಬಂದು, ಗಾಜು ಇಷ್ಟು ತಿಳಿಯಾಗಿ ಹೇಗೆ ಬಂತೆಂದು ಇಂಚರಾಳನ್ನು ಕೇಳಿದರು.

"ಎಲ್ಲಾ ವಿರುಪಾಕ್ಷ ಅಂಕಲ್ ಕಲಿಸಿದ್ದು. ಬಾಟ್ಲನ್ನ ಬಿಸಿನೀರಲ್ಲಿ ಇಡೋದೂ ಅಷ್ಟೇ."

ವಿರುಪಾಕ್ಷ ತಟ್ಟನೆ ತಲೆಯೆತ್ತಿದ. ಅವಳು ಅವನ ಕಡೆ ತಿರುಗಿ ನಕ್ಕಳು. "ಒಂದ್ಸಲ ಬೇಗ ಬಂದಿದ್ನಲ್ಲ ಅಂಕಲ್, ಕೈ ತೊಳೆಯೋಕೆ ಹೋದಾಗ ಲಾಂಡ್ರೀಲಿ ನೋಡ್ದೆ. ನೀವು ಹೇಳೋದು ಮರ್ತಿದ್ರಿ ಅನ್ಸುತ್ತೆ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಇಂಥ ಗುರು ಎಲ್ಲಿ ಸಿಗುತ್ತಾರೆ ಎಂದು ಚಕ್ರಪಾಣಿಯವರು ಹೊಗಳತೊಡಗಿದ್ದರು. ಬೆಳಗಿನಿಂದ ಅವನು ಕಾದಿದ್ದು ಇಂಥ ಮಾತಿಗೇ. ಆದರೆ ಅವಳು ದಾನ ಮಾಡಿದ ಹೊಗಳಿಕೆಯನ್ನು ಕೈಯೊಡ್ಡಿ ತೆಗೆದುಕೊಳ್ಳಲು ಅವನ ಹೊಟ್ಟೆಕಿಚ್ಚೇ ಬಿಡಲಿಲ್ಲ.

"ಮರ್ತಿದ್ದಿಲ್ಲ ಇಂಚರಾ," ಎಂದ. "ಬೇಕಂತನ ಹೇಳಿದ್ದಿಲ್ಲ."

ಸಂಧ್ಯಾರಾಣಿ ಫೋನು ಕೆಳಗಿಳಿಸಿದಳು. ಚಕ್ರಪಾಣಿಯವರು ತಮಾಷೆ ಇರಬೇಕೆಂದು ನಕ್ಕು, ಯಾರೂ ಜೊತೆಗೂಡದ್ದನ್ನು ಕಂಡು ಮುಂದಿನ ಮೇಜಿಗೆ ನಡೆದರು. ಇಂಚರಾ ತನ್ನ ಬಸ್ಸನ್ನೇ ನೋಡುತ್ತ ನಿಂತಳು. ಮರುದಿನ ಮೂವರೂ ಒಂದೇ ಕಾರಿನಲ್ಲಿ ಸಿಡ್ನಿಗೆ ಹಿಂತಿರುಗಬೇಕಿತ್ತು, ಒಂಬತ್ತು ತಾಸಿನ ದಾರಿ.

"ನಾನು ಅಂದಾಜಲ್ಲಿ ಇಟ್ಟಿದ್ದೆ. ಸರಿಯಾಗಿ ಎಷ್ಟು ನಿಮಿಷ ಇಡ್ಬೇಕು?" ಎಂದಳು.

"ಹತ್ತು. ಹೊರಗ ತೆಗದ ಮ್ಯಾಲೆ ಬಾಟ್ಲಿ ಚೊಲೊ ಒರಸ್ಬೇಕು. ಒಂದ್ ಹನಿ ನೀರು ಒಳಗ ಬಿದ್ರೂ ಗಾಜು ಮಬ್ಬಾಗ್ತದ." ಇನ್ನು ಅವನ ಹತ್ತಿರ ಯಾವ ಗುಟ್ಟೂ ಉಳಿದಿರಲಿಲ್ಲ.

"ಓಕೆ. ಥ್ಯಾಂಕ್ಸ್," ಎಂದಳು. ಅಂಕಲ್ ಅನ್ನಲಿಲ್ಲ.