ಸ್ವಾತಿ ಮಳೆಯ ಲೆಕ್ಕ

ಮಳೆಮಾಪಕದ ಬೀಗ ತೆಗೆದು ಒಳಗಿನ ಬಾಟಲಿಯನ್ನು ಮೇಲೆತ್ತಿದ ಕಾಟಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. ತಳದಲ್ಲಿ ಒಂದು ಗುಟುಕು ನೀರಿತ್ತು, ಅಷ್ಟೆ. ರಾತ್ರಿಯಿಡೀ ಆಕಾಶಕ್ಕೆ ತೂತು ಬಿದ್ದ ಹಾಗೆ ಸುರಿದಿತ್ತು. ಬೆಳಗಾಗುತ್ತಲೇ ಊರವರ ಜೊತೆ ಹಳ್ಳ ನೋಡಲು ಹೋದವನು, ಎಂಟೂವರೆಯ ಅಳತೆ ತಪ್ಪಬಾರದೆಂದು ಕೆಸರಲ್ಲಿ ಬಿದ್ದು ಎದ್ದು ಓಡಿ ಬಂದಿದ್ದ.

ಕಾಟಪ್ಪ ಜವನಗೊಂಡನಹಳ್ಳಿಯ ನಾಡಕಚೇರಿಯ ಜವಾನ. ಅಂಗಳದ ಮಳೆಮಾಪಕದಲ್ಲಿ ಬಿದ್ದ ನೀರನ್ನು ಗಾಜಿನ ಜಾಡಿಯಲ್ಲಿ ಅಳೆದು ಹಿರಿಯೂರಿಗೆ ಫೋನು ಮಾಡುವುದು ಅವನ ಕೆಲಸಗಳಲ್ಲೊಂದು. ಅಲ್ಲಿಂದ ಅಂಕಿ ಚಿತ್ರದುರ್ಗ, ಬೆಂಗಳೂರು ಅಂತ ಹೋಗಿ, ಮಳೆ ಜೋರಾಗಿದ್ದರೆ ಸಂಜೆ ಟೀವಿ ವಾರ್ತೆಯಲ್ಲಿ ಬರುತ್ತಿತ್ತು. ಹೊಸದುರ್ಗ ಬರುತ್ತಿತ್ತು, ಹೊಳಲ್ಕೆರೆ ಬರುತ್ತಿತ್ತು. ಜವನಗೊಂಡನಹಳ್ಳಿ ಮಾತ್ರ ಅಪ್ಪಿತಪ್ಪಿಯೂ ಬಂದಿರಲಿಲ್ಲ. ಮಗಳನ್ನು ಕೊಟ್ಟ ತಾಳ್ಯದಲ್ಲಿ ಹೋದ ತಿಂಗಳು ವಾರ್ತೆ ನೋಡುವಾಗ ಬೀಗ ಚಿತ್ತಪ್ಪ ನೆಂಟರೆಲ್ಲರ ಎದುರು, "ಏನ್ರಿ ಬೀಗ್ರೆ, ನಿಮ್ಮೂರಿಗೆ ಬರಾಕೆ ಮೋಡಗಳು ಬಸ್ ಚಾರ್ಜ್ ಕೇಳ್ತವಾ?" ಎಂದು ನಗೆಯಾಡಿದ್ದ. ಕಾಟಪ್ಪನಿಗೆ ರೋಷ ಉಕ್ಕಿ, "ಬರೋ ದೊಡ್ಡ ಮಳೆಗೆ ನಮ್ಮೂರ ಹೆಸ್ರು ಟೀವೀಲಿ ಬರದಿದ್ರೆ ಆಮೇಲೆ ಮಾತಾಡ್ರಿ" ಎಂದುಬಿಟ್ಟಿದ್ದ. ಆ ಮಳೆ ಬಂದಿತ್ತು. ಬಾಟಲಿಯಲ್ಲಿ ಮಾತ್ರ ನೀರೇ ಇರಲಿಲ್ಲ.

"ಏ ಇವಳೇ, ಡಬ್ಬಿ ನೀರು ಏನಾತೇ?"

ಕಚೇರಿಯ ಹಿಂದಿನ ಮನೆಯಿಂದ ಹೆಂಡತಿ ಏಕಾಂತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ನಾನೇ ತಗಂಡೆ. ಬೀಗದ ಕೈ ಮೊಳೇಲೇ ಇತ್ತು. ಸ್ವಾತಿ ಮಳೆ ನೀರಲ್ವಾ? ಸೂರು ಮುಟ್ಟಿಲ್ಲ, ನೆಲ ಮುಟ್ಟಿಲ್ಲ, ಇಂಥ ನೀರು ಎಲ್ಲಿ ಸಿಗ್ತೈತೆ? ಹಾಲಿಗೆ ಹಾಕಿದ್ರೆ ಹೆಪ್ಪೇ ಬ್ಯಾಡ, ಮೊಸರು ಆಗ್ತೈತೆ."

"ಅದು ಸರ್ಕಾರಿ ನೀರು ಕಣೇ!"

"ಮ್ಯಾಲಿಂದ ಬಿದ್ದಿದ್ದು ಸರ್ಕಾರದ್ದು ಹೆಂಗಾತು?"

ಕಾಟಪ್ಪ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲಲ್ಲಿ ಕುಂತ. ಏಕಾಂತಮ್ಮ ಒಬ್ಬಳೇ ಇಟ್ಟುಕೊಳ್ಳುವ ಪೈಕಿಯಲ್ಲ, ಬೀದಿಗೆಲ್ಲ ಹಂಚಿದ್ದಳು. ರಂಗಕ್ಕನಿಗೆ ಕಣ್ಣಿಗೆ ಬಿಡಲು ಒಂದು ಲೋಟ, ಈರಕ್ಕನಿಗೆ ಮೊಸರಿಗೆ ಒಂದು ಲೋಟ, ಕುರಿ ಸಾಕುವ ಪಾಲಯ್ಯನಿಗೆ ಮೊಮ್ಮಗುವಿನ ಬೆವರುಸಾಲೆಗೆ ಒಂದು ಲೋಟ, ಹೀಗೆ. ಆದರೆ ಆ ನೀರನ್ನು ತಲೆಗೆ ಸ್ನಾನ ಮಾಡಿ ದೀಪ ಹಚ್ಚದೆ ಯಾರೂ ಬಳಸುವಂತಿರಲಿಲ್ಲ, ಇನ್ನೂ ಯಾರ ಸ್ನಾನವೂ ಆಗಿರಲಿಲ್ಲ. ಹಾಗಾದರೆ ಹನಿಯೂ ಖರ್ಚಾಗಿಲ್ಲ! ಕಾಟಪ್ಪನಿಗೆ ಹೋದ ಜೀವ ಬಂತು. ಏಕಾಂತಮ್ಮ ಬೀದಿಯಲ್ಲಿ ನಿಂತು ಕೂಗಿದಳು: "ಬೆಳಿಗ್ಗೆ ಕೊಟ್ಟ ನೀರು ವಾಪಸ್ ತರ್ರವ್ವಾ! ನಮ್ಮೂರ ಮಳೆ ಟೀವೀಗೆ ಹೇಳ್ಬೇಕಂತೆ!"

ಟೀವಿ ಎಂದಮೇಲೆ ಕೇಳಬೇಕೆ. ಗಳಿಗೆಯೊಳಗೆ ಎಲ್ಲರೂ ಬಂದರು. ಕಾಟಪ್ಪ ಜಾಡಿಗೆ ಸುರಿದ, ಗೆರೆ ನೋಡಿದ, ಬಕೀಟಿಗೆ ಚೆಲ್ಲಿದ, ಮತ್ತೆ ಸುರಿದ. ಎಂಟು ಸೆಂಟಿಮೀಟರ್ ದಾಟಿತು, ಮುಖ ಅರಳಿತು. ಹನ್ನೆರಡು ದಾಟಿತು, ಬೀಗನ ಮುಖ ಕಣ್ಣೆದುರು ಬಂದು ನಗು ತಡೆಯಲಾಗಲಿಲ್ಲ. ಹದಿನೇಳಾದಾಗ ಮಾತ್ರ ಕೈ ನಿಂತಿತು. ಆಗ ನೋಡಿದ: ಲೋಟದಲ್ಲಿ ಕೊಂಡುಹೋದವರೆಲ್ಲ ತಂಬಿಗೆಯಲ್ಲಿ ತಂದಿದ್ದರು. ಬೆರಳದ್ದಿ ನಾಲಿಗೆಗೆ ಇಟ್ಟ. ಸಪ್ಪಗಿರಬೇಕಾದ ಮಳೆನೀರು ಊರ ಬೋರ್‌ವೆಲ್ಲಿನ ನೀರಿನ ಹಾಗೆ ಉಪ್ಪುಪ್ಪಾಗಿತ್ತು.

"ಏನವ್ವಾ ರಂಗಕ್ಕ, ನೀರು ಬೆರ್ಸಿದೀರಾ?"

"ಮತ್ತೆ?" ರಂಗಕ್ಕನಿಗೆ ಸಿಟ್ಟೇ ಬಂತು. "ಇಸ್ಕಂಡಷ್ಟೇ ಅಳೆದು ವಾಪಸ್ ಕೊಡಾಕೆ ನಮ್ಮನೇಗೆ ಅಂಥ ಬಡತನ ಬಂದೈತಾ? ರಾಗಿ ಸೇರು ಇಸ್ಕಂಡ್ರೂ ಗೋಪುರ ಮಾಡಿ ಕೊಡೋರಪ್ಪ ನಾವು."

ಉಳಿದವರೂ ಹೌದೌದೆಂದು ತಲೆಯಾಡಿಸಿದರು. ಯಾರನ್ನು ಬೈಯುವುದು? ಅವರು ಹೋದಮೇಲೆ ಏಕಾಂತಮ್ಮ ಮೆಲ್ಲಗೆ, "ಹದಿನೇಳು ಅಂತ್ಲೇ ಹೇಳ್ರಿ. ಯಾರು ನೋಡ್ತಾರೆ?" ಎಂದಳು. ಕಾಟಪ್ಪನಿಗೂ ಆಸೆಯಾಯಿತು, ಬಾಯಲ್ಲಿ ನೀರೂರುವಷ್ಟು ಆಸೆ. ಹದಿನೇಳೆಂದರೆ ಇಡೀ ರಾಜ್ಯಕ್ಕೇ ಮೊದಲು. ಫೋನು ಎತ್ತಿದವನ ನಾಲಿಗೆಗೆ ಮಾತ್ರ ಆ ಉಪ್ಪು ಇನ್ನೂ ಅಂಟಿಕೊಂಡಿತ್ತು.

"ಸಾರ್, ಇವತ್ತು ಲೆಕ್ಕ ಸಿಗ್ಲಿಲ್ಲ."

"ಯಾಕಪ್ಪಾ, ಮಳೆ ಬರ್ಲಿಲ್ವಾ?" ಹಿರಿಯೂರಿನ ಗುಮಾಸ್ತ ಮೋಹನ್‌ಕುಮಾರ್ ಕೇಳಿದ.

"ಬಂತು ಸಾರ್, ಜೋರಾಗೇ ಬಂತು. ನೀರು ಊರೊಳಕ್ಕೆ ಹೋಗಿತ್ತು. ವಾಪಸ್ ಬಂದೈತೆ, ಆದ್ರೆ ಜಾಸ್ತಿ ಬಂದೈತೆ."

"ಆಗ್ಲಿ, ಹಂಗೇ ಕಳಿಸ್ತೀನಿ" ಎಂದು ಮೋಹನ್‌ಕುಮಾರ್ ಫೋನಿಟ್ಟ.

ಸಂಜೆ ವಾರ್ತೆಯ ಹೊತ್ತಿಗೆ ತಂಬಿಗೆ ತಂದವರೆಲ್ಲ ಕಾಟಪ್ಪನ ಮನೆಯಲ್ಲಿ ಜಮಾಯಿಸಿದರು. ಲೆಕ್ಕ ಕಳಿಸಲಿಲ್ಲವೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಪಾಲಯ್ಯ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆಯೇ ಕುಂತಿದ್ದ. ಕಾಟಪ್ಪ ಬಾಗಿಲ ಮರೆಯಲ್ಲಿ ನಿಂತ. ತಾಳ್ಯದಲ್ಲಿ ಬೀಗನೂ ಇದೇ ಹೊತ್ತಿಗೆ ಟೀವಿ ಹಾಕಿರುತ್ತಾನೆಂಬುದು ನೆನಪಾಗಿ ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಚಿತ್ರದುರ್ಗ ಜಿಲ್ಲೆಯಲ್ಲಿ ಕಳೆದ ರಾತ್ರಿ ಭಾರಿ ಮಳೆಯಾಗಿದೆ," ಎಂದಳು ವಾರ್ತೆ ಓದುವವಳು. "ಹೊಸದುರ್ಗದಲ್ಲಿ ಹನ್ನೊಂದು, ಹಿರಿಯೂರಿನಲ್ಲಿ ಹತ್ತು, ಹೊಳಲ್ಕೆರೆಯಲ್ಲಿ ಎಂಟು ಸೆಂಟಿಮೀಟರ್ ಮಳೆ ದಾಖಲಾಗಿದೆ." ಹಾಳೆ ತಿರುವಿದಳು. "ಜವನಗೊಂಡನಹಳ್ಳಿಯಲ್ಲಿ ಬಿದ್ದ ಮಳೆಯ ಪ್ರಮಾಣ ತಿಳಿದುಬಂದಿಲ್ಲ."



"ಕೇಳಿದ್ರೇನ್ರೋ!" ಪಾಲಯ್ಯ ಮಗುವನ್ನು ಎತ್ತಿಕೊಂಡೇ ಎದ್ದುನಿಂತ. "ಅವಕ್ಕೆಲ್ಲ ಹತ್ತು, ಎಂಟು. ನಮ್ಮೂರಿನ ಮಳೆ ಅವರ ಲೆಕ್ಕಕ್ಕೇ ಸಿಗ್ಲಿಲ್ಲ!"

ಮನೆಯೆಲ್ಲ ಹೋ ಎಂದಿತು. ನಿಜ ಹೇಳಲು ಕಾಟಪ್ಪ ಬಾಯಿ ತೆರೆದ. ಏಕಾಂತಮ್ಮ ಅವನ ರಟ್ಟೆ ಚಿವುಟಿದಳು. ಗದ್ದಲದಲ್ಲಿ ಟೀವಿಯ ಮಾತು ಯಾರಿಗೂ ಬೇಕಿರಲಿಲ್ಲ. ವಾರ್ತೆ ಓದುವವಳು ಆಗಲೇ ಕ್ರಿಕೆಟ್ ಸುದ್ದಿಗೆ ಹೋಗಿದ್ದಳು. ಕಾಟಪ್ಪ ಮಾತ್ರ ಜನರನ್ನು ಸರಿಸಿಕೊಂಡು ಮುಂದೆ ಬಂದು, ಇನ್ನೊಂದು ಸಲ ಹೇಳಿಯಾಳೇನೋ ಎಂದು ಅವಳ ಮುಖವನ್ನೇ ನೋಡುತ್ತ ಕುಂತ.