ಅರ್ಧ ಉಳಿದ ಪ್ರದಕ್ಷಿಣೆ

ಬೆಟಗೇರಿಯ ಸೀರೆ ವ್ಯಾಪಾರಿ ಚನ್ನಬಸವಣ್ಣನವರಿಗೆ ಐವತ್ತಾರನೆಯ ಇಸವಿಯ ದಸರೆಯ ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ನೋಡಬೇಕೆಂಬ ಆಸೆ ಹುಟ್ಟಿತು. ಮನೆಯಲ್ಲಿ ಯಾರೂ ಇದನ್ನು ನಂಬಲಿಲ್ಲ. ಪಕ್ಕದ ಗದಗಿನಲ್ಲೇ ಇರುವ ತ್ರಿಕೂಟೇಶ್ವರ ಗುಡಿಯ ಕಂಬಗಳನ್ನು ಒಮ್ಮೆಯೂ ಕಣ್ಣೆತ್ತಿ ನೋಡಿದವರಲ್ಲ ಅವರು. ಆದರೂ ಹೆಂಡತಿ ಸುಮಿತ್ರವ್ವ ಬುತ್ತಿ ಕಟ್ಟಿಕೊಟ್ಟರು. ಏಳು ತಿಂಗಳ ಬಸುರಿ ಸೊಸೆ ಶೇಖವ್ವನೂ ಜೊತೆಗೆ ಹೊರಟಳು. ಅವಳ ತವರು ಲಕ್ಷ್ಮೇಶ್ವರವೇ.

ಗುಡಿ ನೋಡಿ ರಾತ್ರಿಯೊಳಗೆ ತಿರುಗಿ ಬರುವುದೆಂದು ಮಾವ ಹೇಳಿದ್ದರು. ಶೇಖವ್ವ ತಲೆಯಾಡಿಸಿ ಒಳಗೆ ಹೋಗಿ, ಇಬ್ಬರು ಎತ್ತಬೇಕಾದಂಥ ಟ್ರಂಕು ತುಂಬಿಕೊಂಡಳು. ಮುಚ್ಚಳದ ಸಂದಿಯಿಂದ ಕೂಸಿಗೆ ಹಾಸುವಂಥ ಮೆತ್ತನೆಯ ಹಳೆಯ ಸೀರೆಯ ತುಂಡು ಇಣುಕುತ್ತಿತ್ತು. ಚನ್ನಬಸವಣ್ಣ ಅದನ್ನು ಕಂಡೂ ಕಾಣದಂತಿದ್ದರು. ಕಂಡಕ್ಟರ್ ನಜೀರಸಾಬ ಮಾತ್ರ ಟ್ರಂಕನ್ನು ಬಸ್ಸಿನ ಮೇಲೆ ಹಾಕುತ್ತ ಸುಮ್ಮನಿರಲಿಲ್ಲ.

“ಗುಡಿ ನೋಡಾಕ ಹೊಂಟವರಿಗೆ ಇಷ್ಟ ದೊಡ್ಡ ಟ್ರಂಕ ಯಾಕ್ರಿ ಸಾವಕಾರ್ರ?” ಎಂದ.

ಯಾಕೆಂಬುದು ಊರಿಗೇ ಗೊತ್ತಿತ್ತು. ಎರಡು ವರ್ಷದ ಹಿಂದೆ ಚನ್ನಬಸವಣ್ಣನವರೂ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ಹುಚ್ಚೀರಪ್ಪನವರೂ ಸಾಟಿ ಮದುವೆ ಮಾಡಿದ್ದರು. ಇವರ ಮಗಳು ನೀಲಗಂಗವ್ವ ಅವರ ಮಗನಿಗೆ, ಅವರ ಮಗಳು ಶೇಖವ್ವ ಇವರ ಮಗನಿಗೆ. ಒಂದೇ ಹಂದರ, ಒಂದೇ ಅಡುಗೆ. ಇಬ್ಬರೂ ತಮ್ಮ ಜಾಣತನಕ್ಕೆ ತಾವೇ ಹಿಗ್ಗಿದರು. ಮಜಾ ಗೊತ್ತಾದದ್ದು ಹೋದ ದಸರೆಗೆ. ದಸರೆಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಕೈಮುಗಿಯಲು ಕಿರಿಯರು ಹಿರಿಯರ ಬಳಿ ಹೋಗಬೇಕು. ಬೀಗರಾದರೆ, ಹೆಣ್ಣು ಕೊಟ್ಟವರು ಗಂಡಿನವರ ಬಳಿ ಹೋಗಬೇಕು. ಇಲ್ಲಿ ಇಬ್ಬರೂ ಹೆಣ್ಣು ಕೊಟ್ಟವರೇ, ಇಬ್ಬರೂ ಗಂಡಿನವರೇ. ಹೆಣ್ಣು ಕೊಟ್ಟದ್ದನ್ನು ಇಬ್ಬರೂ ಸೊಗಸಾಗಿ ಮರೆತು, ಗಂಡಿನ ತಂದೆ ಎಂಬುದನ್ನಷ್ಟೇ ನೆನಪಿಟ್ಟುಕೊಂಡರು. ಇವರು ಬೆಟಗೇರಿಯ ಕಟ್ಟೆಯ ಮೇಲೆ, ಅವರು ಲಕ್ಷ್ಮೇಶ್ವರದ ಕಟ್ಟೆಯ ಮೇಲೆ, ತಲೆಗೆ ಹೊಸ ಪಟಕಾ ಸುತ್ತಿಕೊಂಡು ದೀಪ ಹಚ್ಚುವ ಹೊತ್ತಿನವರೆಗೂ ಬೀಗರ ಹಾದಿ ಕಾದರು.

ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಎರಡೂ ಹೆಣ್ಣುಮಕ್ಕಳಿಗೆ ತವರಿನ ಹಾದಿ ಬಂದ್. ಈಗ ಶೇಖವ್ವನದು ಚೊಚ್ಚಲ ಬಸಿರು. ತವರಿನವರು ಬಂದು ಸೀಮಂತದ ಕುಬಸ ಮಾಡಿ ಹೆರಿಗೆಗೆ ಕರೆದುಕೊಂಡು ಹೋಗಬೇಕು. ಮೊದಲು ಬೀಗರು ಬಂದು ಬನ್ನಿ ಕೊಡಲಿ, ಆಮೇಲೆ ನೋಡೋಣ ಎಂದು ಹುಚ್ಚೀರಪ್ಪ ಹೇಳಿ ಕಳಿಸಿದ್ದರು. ಈ ದಸರೆಯೂ ಹೀಗೇ ಕಳೆದರೆ ಶೇಖವ್ವ ತಾಯಿಯಿಲ್ಲದೆ ಹಡೆಯಬೇಕು, ನೀಲಗಂಗವ್ವ ಇನ್ನೊಂದು ವರ್ಷ ತವರು ಕಾಣಬಾರದು. ಮೊದಲನೆಯ ಚಿಂತೆಯನ್ನು ಚನ್ನಬಸವಣ್ಣ ಎಲ್ಲರೆದುರು ಆಡುತ್ತಿದ್ದರು. ಎರಡನೆಯದನ್ನು ಯಾರಿಗೂ ಹೇಳಿರಲಿಲ್ಲ. ಮಗ್ಗದಿಂದ ಹಸಿರು ಸೀರೆ ಬಂದಾಗಲೆಲ್ಲ ಒಂದನ್ನು ಪಕ್ಕಕ್ಕಿಟ್ಟು, ಗಿರಾಕಿಗಳು ಕೇಳಿದರೆ ಅದು ಮಾರುವುದಕ್ಕಲ್ಲ ಎನ್ನುತ್ತಿದ್ದರು, ಅಷ್ಟೇ. ನೀಲಗಂಗವ್ವನಿಗೆ ಹಸಿರೆಂದರೆ ಪ್ರಾಣ.

ಆದ್ದರಿಂದಲೇ ಈ ಗುಡಿ ನೋಡುವ ಹೂಟ. ಬೀಗರ ಮನೆಗೆ ಹೋದರೆ ತಾನು ಸೋತಂತೆ. ಗುಡಿಗೆ ಹೋದರೆ ಸೋಲಿಲ್ಲ. ಅಲ್ಲಿ ಆಕಸ್ಮಿಕವಾಗಿ ಹುಚ್ಚೀರಪ್ಪ ಎದುರಾಗಿ, ಬಸುರಿ ಮಗಳನ್ನು ನೋಡಿ ಕರಗಿ, ತಾನಾಗಿ ಬಂದು ಬನ್ನಿ ಕೊಟ್ಟರೆ ಬೇಡವೆನ್ನುವುದಕ್ಕಾಗುತ್ತದೆಯೇ? ತಿರುಗಿ ಕೊಡಲು ಬೇಕಾದೀತೆಂದು ತಮ್ಮ ಜೇಬಿನಲ್ಲೂ ಒಂದು ಹಿಡಿ ಬನ್ನಿ ಇಟ್ಟುಕೊಂಡಿದ್ದರು.

ಬಸ್ಸಿನಲ್ಲೆಲ್ಲ ನಾಡು ಒಂದಾಗುವ ಮಾತು. ಮಿರಜ ಸಂಸ್ಥಾನದ್ದಾಗಿದ್ದ ಲಕ್ಷ್ಮೇಶ್ವರ, ಮುಂಬಯಿಯವರ ಬೆಟಗೇರಿ, ಅತ್ತ ಮೈಸೂರು, ಎಲ್ಲ ಮುಂದಿನ ತಿಂಗಳು ಒಂದೇ ರಾಜ್ಯ. ನಾಡೆಲ್ಲ ಕೂಡುವಾಗ ಇಬ್ಬರು ಬೀಗರು ಕೂಡಲಾರರೇ ಎಂದು ಶೇಖವ್ವ ಕಿಟಕಿಯ ಕಡೆ ಮುಖ ಮಾಡಿ ಗೊಣಗಿದಳು. ಸೊರಟೂರು ದಾಟುವಾಗ ಬಸ್ಸು ಭಾರಿ ಸದ್ದು ಮಾಡುತ್ತಿದ್ದುದರಿಂದ ತಮಗದು ಕೇಳಿಸಲಿಲ್ಲವೆಂದು ಚನ್ನಬಸವಣ್ಣ ತೀರ್ಮಾನಿಸಿಕೊಂಡರು.

ಗುಡಿಯಲ್ಲಿ ಅವರಿಗೊಂದು ಗ್ರಹಚಾರ ಕಾದಿತ್ತು. ಹೆಸರು ಜಯತೀರ್ಥ ಮಾಸ್ತರ್. ನೌಕರಿಯಿಂದ ನಿವೃತ್ತರಾದ ಮೇಲೆ ಪಾಠ ಹೇಳಲು ಯಾರೂ ಸಿಗದೆ ಒಣಗಿದ್ದ ಮಾಸ್ತರರಿಗೆ, ಬೆಟಗೇರಿಯಿಂದ ಗುಡಿ ನೋಡುವುದಕ್ಕೆಂದೇ ಬಂದವರು ಸಿಕ್ಕದ್ದು ಹಬ್ಬದ ಮೇಲೆ ಹಬ್ಬವಾಯಿತು. ರಾಜ್ಯ ಒಂದಾದ ಮೇಲೆ ಮೈಸೂರಿನಿಂದ ಜನ ಹಿಂಡುಗಟ್ಟಿ ಪುಲಿಗೆರೆಯೆಂಬ ಹಳೆಯ ಹೆಸರಿನ ಈ ಊರು ನೋಡಲು ಬರುತ್ತಾರೆ, ಅವರಿಗೆಲ್ಲ ನೀವೇ ಮೊದಲಿಗರು ಎಂದು ಕೈ ಹಿಡಿದುಕೊಂಡರು. ನಂದಿಯ ಮೇಲೆ ಕುಳಿತ ಶಿವ ಪಾರ್ವತಿಯರನ್ನು ತೋರಿಸಿದರು, ಶಾಸನದ ಕಲ್ಲು ತೋರಿಸಿದರು, ಬಾವಿಯೊಳಗೆ ಇಳಿಸಿ ಮತ್ತೆ ಹತ್ತಿಸಿದರು. ಚನ್ನಬಸವಣ್ಣ ಬೆವರುತ್ತ ಎಲ್ಲಕ್ಕೂ ಹೂಂ ಎಂದರು. ಕಣ್ಣು ಮಾತ್ರ ಹೆಬ್ಬಾಗಿಲ ಮೇಲಿತ್ತು.

ಶೇಖವ್ವ ಕಾಲು ನೋವೆಂದು ಜಗಲಿಯ ಮೇಲೆ ಕುಳಿತುಬಿಟ್ಟಿದ್ದಳು. ಹುಟ್ಟಿದೂರಿನ ಗುಡಿಯಲ್ಲಿ ಕುಳಿತವಳನ್ನು ಯಾರು ಗುರುತಿಸುವುದಿಲ್ಲ? ಅವರ ಓಣಿಯ ಹೆಂಗಸೊಬ್ಬಳು ಬಂದು ಕೆನ್ನೆ ಸವರಿ ಹೋದಳು. ಹೋದವಳು ನೆಟ್ಟಗೆ ಹುಚ್ಚೀರಪ್ಪನವರ ಮನೆಗೇ ಹೋಗಿರಬೇಕು.

ಹೊತ್ತು ಇಳಿಯಿತು. ಊರ ಹೊರಗಿನ ಬನ್ನಿ ಗಿಡಕ್ಕೆ ಹೋದ ಜನ ಎಲೆ ಹಿಡಿದು ಗುಡಿಗೆ ತಿರುಗಿ ಬರತೊಡಗಿದರು. ಮಾಸ್ತರರು ಇನ್ನು ಪ್ರದಕ್ಷಿಣೆ ಹಾಕೋಣವೆಂದು ಹೊರಡಿಸಿದರು. ಮೂರನೆಯ ಸುತ್ತಿನಲ್ಲಿ ಚನ್ನಬಸವಣ್ಣ ಹೆಬ್ಬಾಗಿಲ ಮುಂದೆ ಹಾದು ನಾಲ್ಕು ಹೆಜ್ಜೆ ಹೋಗಿ ಓರೆಗಣ್ಣಿನಿಂದ ನೋಡುತ್ತಾರೆ, ಹುಚ್ಚೀರಪ್ಪ! ಒಳಗೆ ಬಂದವರು ಜಗಲಿಯ ಕಡೆ ಎರಡು ಹೆಜ್ಜೆ ಇಟ್ಟು, ಬೀಗರ ಪಟಕಾ ಕಂಡದ್ದೇ ಬೆನ್ನು ನೆಟ್ಟಗೆ ಮಾಡಿಕೊಂಡು, ತಾವೂ ಪ್ರದಕ್ಷಿಣೆಗೆಂದೇ ಬಂದವರಂತೆ ಹಿಂದೆ ಹೊರಟರು.

ಚನ್ನಬಸವಣ್ಣನಿಗೆ ಖುಷಿಯಾಯಿತು. ಹಿಂದಿನವರು ಮುಂದಿನವರನ್ನು ಮುಟ್ಟಿದರೆ ಅವರೇ ಬಂದಂತಾಯಿತಲ್ಲ! ನಡಿಗೆ ನಿಧಾನ ಮಾಡಿದರು. ಹುಚ್ಚೀರಪ್ಪನೂ ದಡ್ಡರಲ್ಲ, ಅವರೂ ನಿಧಾನ ಮಾಡಿದರು. ಇವರು ಇನ್ನೂ ನಿಧಾನ, ಅವರು ಅದಕ್ಕಿಂತ ನಿಧಾನ. ಇವರು ಗೋಡೆಯ ಕಲ್ಲಾನೆಯೊಂದನ್ನು ಬಹಳ ಹೊತ್ತು ನೋಡಿದರು. ಐವತ್ತು ವರ್ಷ ಇದೇ ಊರಿನಲ್ಲಿದ್ದ ಹುಚ್ಚೀರಪ್ಪನೂ ಹಿಂದೆ ನಿಂತು ಇನ್ನೊಂದು ಆನೆಯನ್ನು ಮೊದಲ ಸಲ ಕಂಡವರಂತೆ ನೋಡಿದರು. ಜನ ಇಬ್ಬರನ್ನೂ ಬಳಸಿಕೊಂಡು ಮುಂದೆ ಹೋದರು. ಬೆಟಗೇರಿಯವರಿಗೆ ಶಿಲ್ಪದಲ್ಲಿ ಇಷ್ಟು ಆಸಕ್ತಿಯೇ ಎಂದು ಮಾಸ್ತರರ ಕಣ್ಣು ತುಂಬಿತು.

ಆಗ ಹೆಬ್ಬಾಗಿಲಿನಲ್ಲಿ ಹಸಿರು ಸೀರೆಯೊಂದು ಕಂಡಿತು. ನೀಲಗಂಗವ್ವ. ಸೆರಗಿನಲ್ಲಿ ಬನ್ನಿ ಕಟ್ಟಿಕೊಂಡು, ಓಡಿ ಬಂದ ದಮ್ಮಿಗೆ ಕಂಬ ಹಿಡಿದು ನಿಂತು, ಅಪ್ಪನನ್ನು ಹುಡುಕುತ್ತಿದ್ದಳು. ತೆಳ್ಳಗಾಗಿದ್ದಳು.

ಚನ್ನಬಸವಣ್ಣ ಗಕ್ಕನೆ ಹಿಂದಕ್ಕೆ ತಿರುಗಿದರು. ಅಪ್ರದಕ್ಷಿಣೆ ಬರಬಾರದ್ರೀ ಎಂದು ಮಾಸ್ತರರು ಅಡ್ಡ ಬಂದರು, ಅವರನ್ನು ಸರಿಸಿ ನಡೆದರು. ಇಡೀ ಗುಡಿ ಒಂದು ಕಡೆ ಸುತ್ತುತ್ತಿದ್ದರೆ ಇವರೊಬ್ಬರು ಎದುರು ದಿಕ್ಕಿಗೆ. ಹತ್ತು ಹೆಜ್ಜೆ ಹಾಕುವುದರೊಳಗೆ ಎದುರಿಗೇ ಹುಚ್ಚೀರಪ್ಪ.

ಪಕ್ಕಕ್ಕೆ ಸರಿದು ಹೋಗಬಹುದಿತ್ತು. ಎರಡು ಚಕ್ಕಡಿ ಹಾಯುವಷ್ಟು ಅಗಲದ ಅಂಗಳ ಅದು. ಆದರೆ ಹುಚ್ಚೀರಪ್ಪ ಇವರನ್ನು ನೋಡುತ್ತಲೇ ಇರಲಿಲ್ಲ. ಜಗಲಿಯ ಮೇಲೆ ಶೇಖವ್ವ ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಏಳುತ್ತಿದ್ದಳು. ಅವಳನ್ನೇ ನೋಡುತ್ತ ನಿಂತ ಬೀಗರ ಕೈಯಲ್ಲಿದ್ದ ಬನ್ನಿ ಮುದ್ದೆಯಾಗಿತ್ತು. ಈ ಮನುಷ್ಯನೂ ಒಂದು ವರ್ಷ ಮಗಳ ಮುಖ ಕಂಡಿಲ್ಲ ಎಂಬುದು ಚನ್ನಬಸವಣ್ಣನಿಗೆ ಆಗ ಹೊಳೆಯಿತು. ಇಷ್ಟು ದಿನ ಅದೊಂದು ಹೊಳೆದೇ ಇರಲಿಲ್ಲ, ನೋಡಿ.

ಜೇಬಿನ ಬನ್ನಿ ತೆಗೆದು ಬೀಗರ ಕೈಯಲ್ಲಿಟ್ಟರು. “ಬನ್ನಿ ತಗೊಳ್ರಿ ಬೀಗರ. ಬಂಗಾರದಂಗ ಇರೂಣು” ಎಂದು ಬಗ್ಗಿದರು.

ಹುಚ್ಚೀರಪ್ಪನೂ ಗಾಬರಿಯಿಂದ ಬಗ್ಗಿದರು. ತಲೆಗೆ ತಲೆ ಬಡಿದು ಎರಡೂ ಪಟಕಾ ಉರುಳಿದವು. “ಛೇ ಛೇ, ಹೆಣ್ಣ ಕೊಟ್ಟಾಂವ ನಾನು, ನಾನ ಮೊದಲ ಬರಬೇಕಿತ್ತರಿ” ಎಂದು ಅವರು. ತಾನೂ ಹೆಣ್ಣು ಕೊಟ್ಟವನೇ ಎಂದು ಇವರು. ಈಗ ಯಾರು ಹೆಚ್ಚು ಹೆಣ್ಣಿನವರೆಂಬ ಜಗಳ ಹತ್ತಿತು. ಅದನ್ನು ಬಿಡಿಸುವಷ್ಟರಲ್ಲಿ ಮಾಸ್ತರರಿಗೆ ಸಾಕುಸಾಕಾಯಿತು. ಹೆಣ್ಣುಮಕ್ಕಳಿಬ್ಬರೂ ಅವರವರ ಅಪ್ಪಂದಿರನ್ನು ತಬ್ಬಿಕೊಂಡು ಮನಸಾರೆ ಅತ್ತರು.

ರಾತ್ರಿ ಎಲ್ಲರೂ ಹುಚ್ಚೀರಪ್ಪನವರ ಮನೆಯಲ್ಲಿ ತಂಗಿದರು. ಮರುದಿನ ಶೇಖವ್ವನ ಟ್ರಂಕು ಅಲ್ಲೇ ಉಳಿಯಿತು. ನೀಲಗಂಗವ್ವನ ಟ್ರಂಕು ಬಸ್ಸು ಹತ್ತಿತು. ಗುಡಿ ಹೆಂಗಿತ್ತೆಂದು ನಜೀರಸಾಬ ಕೇಳಿದ್ದಕ್ಕೆ ಚನ್ನಬಸವಣ್ಣನಿಗೆ ಒಂದು ಕಲ್ಲಾನೆ ಬಿಟ್ಟು ಏನೂ ನೆನಪಾಗಲಿಲ್ಲ. ನಿಮ್ಮ ಪ್ರದಕ್ಷಿಣೆ ಅರ್ಧ ಉಳಿದಿದೆ, ಬಂದು ಮುಗಿಸಿ ಹೋಗಬೇಕು ಎಂದು ಮಾಸ್ತರರು ಕೆಳಗಿನಿಂದ ಕೂಗುತ್ತಿದ್ದರು.

ಬಸ್ಸು ಊರು ದಾಟಿದ ಮೇಲೆ ನೀಲಗಂಗವ್ವ ಮೆಲ್ಲಗೆ ಕೇಳಿದಳು. “ಅಪ್ಪಾ, ಖರೆ ಹೇಳು. ನಿನ್ನೆ ನೀ ತಿರುಗಿ ಬಂದದ್ದು ನನ್ನ ಕಡೆಗೋ, ಮಾವಾರ ಕಡೆಗೋ?”

“ನಿನ್ನ ಕಡೇನ ಬರಾಕತ್ತಿದ್ನೆವಾ” ಎಂದರು ಚನ್ನಬಸವಣ್ಣ. “ನಡುವ ಅವರು ನಿಂತಿದ್ದರು. ಬ್ಯಾರೆ ಹಾದಿ ಇರಲಿಲ್ಲ.”

ಆ ಅಂಗಳದ ಅಗಲ ನೀಲಗಂಗವ್ವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಅಪ್ಪನ ಭುಜಕ್ಕೆ ತಲೆಯಾನಿಸಿದಳು.