ಮೂರನೇ ಬೇರಿಂಗ್

"ಇನ್ನೂ ಸ್ವಲ್ಪ ಕೊಡು," ಎಂದ ಮೇಸ್ತ್ರಿ. ಮಗಳು ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿದಳು. ವಾಲ್ವುಗಳನ್ನೆಲ್ಲ ಬ್ಲಾಕಿನೊಳಗೇ ಅಡಗಿಸಿಕೊಂಡು ಮೇಲೆ ಚಪ್ಪಟೆ ಮುಚ್ಚಳ ಹೊದ್ದ ಆ ಹಳೆಯ ಫ್ಲಾಟ್‌ಹೆಡ್ ಇಂಜಿನ್ ಗೊಣಗುತ್ತ ವೇಗ ಏರಿಸಿಕೊಂಡಿತು. ಹೊಸ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಒಗ್ಗುವವರೆಗೆ ಹೀಗೆ ಏರಿಸುತ್ತ ಇಳಿಸುತ್ತ ಓಡಿಸಬೇಕು. ಅವಸರ ಮಾಡಿದರೆ ಕೆಟ್ಟಿತು.

"ನನ್ನ ಹೊಲಿಗೆ ಮೆಷಿನ್ನಿಗಿಂತ ಮೆತ್ತಗಿದೆಯಲ್ಲ ಮೇಸ್ತ್ರಿ," ಎಂದ ಕಾರಿನ ಮಾಲೀಕ, ದರ್ಜಿ. ಮೇಸ್ತ್ರಿ ನಕ್ಕ. ಲಕ್ವ ಹೊಡೆದು ಬಲಗೈ ಮರಗಟ್ಟಿದ ಮೇಲೆ ಅವನು ಜೋಡಿಸಿದ ಮೊದಲ ಇಂಜಿನ್ ಇದು. "ಇದು ಸರಿಯಾಗಿ ಓಡಿದ್ರೆ ಅಂಗಡೀಲಿರ್ತೀನಿ. ಇಲ್ಲಾಂದ್ರೆ ಮನೇಲಿ ಮೂಲೆ ಹಿಡೀತೀನಿ," ಎಂದು ಅವನೇ ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಮುಗಿಯಿತು, ಅಂಥ ಹಟಮಾರಿ.

ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು, ಅದೂ ಅವನದೇ: ಒಬ್ಬರು ಕೂರಿಸಿದ ಬೇರಿಂಗಿಗೆ ಇನ್ನೊಬ್ಬರು ಸ್ಪ್ಯಾನರ್ ಹಾಕಬಾರದು. ಅವನು ಏದುಸಿರು ಬಿಡುತ್ತ ಎಡಗೈಯಲ್ಲಿ ಒಂದೊಂದು ಸಿಲಿಂಡರಿನ ಬುಡದ ಬೇರಿಂಗಿನ ಬೋಲ್ಟು ಬಿಗಿಯುವಾಗ ಮಗಳು ಪಕ್ಕದಲ್ಲೇ ನಿಂತಿದ್ದಳು. ಅವನು ಆಚೆ ಹೋದಾಗ ತಾನೂ ಒಂದು ಸಲ ಬಿಗಿದು ನೋಡೋಣವೆಂದು ಅವಳ ಕೈ ತುರಿಸಿತ್ತು. ಅಪ್ಪನಿಗೆ ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾನೋ ಎಂದು ಸುಮ್ಮನಾಗಿದ್ದಳು.

ಇಂಜಿನ್ ಕಾದು ಎಣ್ಣೆ ತೆಳುವಾಗುತ್ತಿದ್ದಂತೆ ಅದು ಕೇಳಿಸಿತು. ತಳದಿಂದ, ಮಂದವಾಗಿ, ಟೊಕ್ ಟೊಕ್. ಬಿಗಿ ಸಾಲದ ಬೇರಿಂಗಿನ ಬಡಿತ. ಅವಳು ಕಿವಿಗೊಟ್ಟಳು. ದರ್ಜಿಯೂ ಮಾತು ನಿಲ್ಲಿಸಿ ಅವಳತ್ತ ನೋಡಿದ. ಮೇಸ್ತ್ರಿ ಮಾತ್ರ ತಲೆದೂಗುತ್ತಿದ್ದ.

"ಕೇಳಿದ್ಯಾ, ಹೆಂಗೆ ಹಾಡ್ತಿದೆ?"

ಅವಳು ಇಂಜಿನ್ ಆರಿಸಿದಳು.

"ಯಾಕಮ್ಮ?"

"ಮೂರನೇ ಬೇರಿಂಗ್ ಬಡೀತಿದೆ ಅಪ್ಪ."

ಅವನು ದರ್ಜಿಯ ಮುಖ ನೋಡಿದ. ದರ್ಜಿ ತನ್ನ ಚಪ್ಪಲಿ ನೋಡಿಕೊಂಡ.

"ಇನ್ನೊಂದ್ಸಲ ಸ್ಟಾರ್ಟ್ ಮಾಡು."

"ಬೇಡಪ್ಪ, ಕ್ರ್ಯಾಂಕ್ ಶಾಫ್ಟೂ ಹಾಳಾಗುತ್ತೆ."

"ಮಾಡು ಅಂದೆನಲ್ಲ."

ಮಾಡಿದಳು. ಈಗ ಬಡಿತ ಬೀದಿಗೂ ಕೇಳುವಷ್ಟಿತ್ತು. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಒಂದನೆಯ ಸಿಲಿಂಡರಿನ ಬುಡದಲ್ಲಿ ಆಲಿಸಿದ, ಎರಡನೆಯದರಲ್ಲಿ ಆಲಿಸಿದ. ಮೂರನೆಯದರ ಹತ್ತಿರ ಬಹಳ ಹೊತ್ತು ನಿಂತು, ನಾಲ್ಕನೆಯದಕ್ಕೆ ಹೋದ.

"ಎಲ್ಲಿ?" ಎಂದ.

ಮೇಸ್ತ್ರಿ ಸ್ಕ್ರೂಡ್ರೈವರನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಮತ್ತೆ ಒಂದರಿಂದ ಶುರು ಮಾಡಿದ.